ಕೂಡಿ ಕಟ್ಟುವ ಆಟದಲ್ಲಿ ಖಳಪಾತ್ರ: ಒಂದು ಪಾಠ



ಕಳೆದ ವಾರ್ಷಿಕೋತ್ಸವದ ಮರುದಿನ ಪೋಷಕರೊಬ್ಬರು ನಮ್ಮ ಕೊಠಡಿಗೆ ಬಂದು, ಕುಳಿತುಕೊಳ್ಳದೆಯೇ ಒಂದು ಪ್ರಶ್ನೆಯನ್ನು ಕೇಳಿದರು: "ಅಮ್ಮಾವ್ರೇ, ಒಳ್ಳೆಯದನ್ನು ಕಲಿಯಲೆಂದು ಮಗಳನ್ನು ನಿಮ್ಮಲ್ಲಿಗೆ ಕಳುಹಿಸಿದೆವು. ಊರವರೆಲ್ಲ ನೋಡುತ್ತಿರುವಾಗ ಅವಳಿಗೆ ಅಂಥ ನೀಚನ ವೇಷವನ್ನು ಕೊಡಬಹುದೆ?" ಆ ದಿನ ನಾವು ಕೊಟ್ಟ ಉತ್ತರ ಚಿಕ್ಕದು. ಆದರೆ ಪ್ರಶ್ನೆಯು ನ್ಯಾಯವಾದದ್ದು. ಮಕ್ಕಳು ಕೂಡಿ ಕಥೆ ಕಟ್ಟಿ, ತಾವೇ ಮಾತು ಹೂಡಿ ಆಡುವ ಆಟಗಳಲ್ಲಿ ದುಷ್ಟಪಾತ್ರವೇಕೆ ಬೇಕು, ಅದನ್ನು ಕಟ್ಟುವುದು ಹೇಗೆ, ಕಟ್ಟುವಾಗ ಎಚ್ಚರವೇನು ಎಂಬುದನ್ನು ಈ ಸಂಚಿಕೆಯಲ್ಲಿ ಸಾವಧಾನವಾಗಿ ಬರೆಯಬೇಕೆಂದು ಅಂದೇ ನಿಶ್ಚಯಿಸಿದೆವು.

ಇದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ರಾತ್ರಿಯೆಲ್ಲ ಬಯಲಾಟ ನಡೆಯುವುದನ್ನು ನಿಮ್ಮಲ್ಲಿ ಹಲವರು ಕಂಡಿರುವಿರಿ. ಹಗಲು ಹೊಲದಲ್ಲಿ ದುಡಿದವನೇ ಇರುಳಿನಲ್ಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ರಾಕ್ಷಸನಾಗುವನು. ಸಾರಥಿಯು ಎದುರು ನಿಂತು ನೀನಾರೆಂದು ಕೇಳುವನು. ಬಂದವನು ತನ್ನ ಕುಲವೇನು, ಬಲವೇನು, ಬಂದ ಕಾರಣವೇನು ಎಂಬುದನ್ನು ತಾನೇ ಹೇಳಿಕೊಳ್ಳಬೇಕು. ಪಾತ್ರವನ್ನು ಕಟ್ಟುವ ಮೊದಲ ಪಾಠವು ಈ ಪ್ರಶ್ನೋತ್ತರದಲ್ಲಿಯೇ ಇದೆ. ತಾನು ಯಾರೆಂದು ಹೇಳಲಾರದ ಖಳನು ಖಳನಲ್ಲ, ಬರಿಯ ಬಣ್ಣ.

ಕರಾವಳಿಯಲ್ಲಿಯೂ ಕಾಸರಗೋಡಿನ ಕನ್ನಡ ಸೀಮೆಯಲ್ಲಿಯೂ ಈ ವಿದ್ಯೆಯು ಇನ್ನೊಂದು ರೂಪವನ್ನು ತಾಳಿದೆ. ಅದಕ್ಕೆ ತಾಳಮದ್ದಳೆಯೆಂದು ಹೆಸರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದವನ್ನು ಹಾಡುವರು. ಅರ್ಥಧಾರಿಗಳು ಕುಳಿತಲ್ಲಿಯೇ ಆ ಪದಕ್ಕೆ ತಮ್ಮ ಮಾತಿನಿಂದ ಅರ್ಥವನ್ನು ಹೇಳುವರು. ಪದವು ಮೊದಲೇ ಬರೆದದ್ದು, ಮಾತು ಮಾತ್ರ ಆಗಲೇ ಹುಟ್ಟತಕ್ಕದ್ದು. ಎದುರಾಳಿಯು ಏನನ್ನುವನೆಂಬುದು ಯಾರಿಗೂ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ರಾವಣ, ವಾಲಿ, ಮಾಗಧ ಮೊದಲಾದ ಪಾತ್ರಗಳ ಅರ್ಥಗಾರಿಕೆಯಿಂದ ಪ್ರಸಿದ್ಧರಾದರು. ಪ್ರತಿನಾಯಕನ ವಾದವು ಬಲವಾಗಿದ್ದರೆ ನಾಯಕನು ಇನ್ನೂ ಬಲವಾದ ಉತ್ತರವನ್ನು ಹುಡುಕಬೇಕಾಗುವುದು. ಕೇಳುವವರು ಧರ್ಮವೆಂಬುದನ್ನು ಬಾಯಿಪಾಠವಾಗಿ ಅಲ್ಲ, ವಿಚಾರವಾಗಿ ಕೇಳುವರು. ದುಷ್ಟಪಾತ್ರವೇಕೆ ಬೇಕೆಂಬುದಕ್ಕೆ ಇದೇ ಉತ್ತರ.

ಇನ್ನು ಕಟ್ಟುವ ಬಗೆಯನ್ನು ಒಂದೊಂದಾಗಿ ಹೇಳುವೆವು.

೧. ದೊಡ್ಡ ಖಳನೂ ನೀಚ ಖಳನೂ ಬೇರೆ. ಹತ್ತನೆಯ ಶತಮಾನದ ರನ್ನ ಕವಿಯು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ರಣಭೂಮಿಯ ಹೆಣಗಳ ನಡುವೆ ನಡೆಯಿಸುವನು. ಅವನು ತಮ್ಮನಿಗಾಗಿ ಅಳುವನು, ಕರ್ಣನಿಗಾಗಿ ಅಳುವನು, ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುವನು. ಅಂಥವನನ್ನು ನಾವು ದೂಷಿಸಬಹುದು, ಆದರೆ ಹೇಸಲಾರೆವು. ಹೇಸಿಗೆ ಹುಟ್ಟಬೇಕಾದರೆ ಕೀಚಕನ ಕಡೆ ನೋಡಬೇಕು. ದ್ರೌಪದಿಯು ಸೈರಂಧ್ರಿಯಾಗಿ, ಕೇಳುವವರಿಲ್ಲದ ದಾಸಿಯಾಗಿ ವಿರಾಟನ ಮನೆಯಲ್ಲಿದ್ದಾಳೆ. ಕೀಚಕನು ರಾಣಿಯ ತಮ್ಮ, ರಾಜ್ಯದ ಸೇನಾಪತಿ. ಸಮಾನನೊಡನೆ ಹೋರಾಡುವವನು ವೀರನಾದರೂ ಆಗಬಹುದು. ತನ್ನ ಕೈಕೆಳಗಿರುವವರನ್ನು, ತನ್ನನ್ನು ನಂಬಿದವರನ್ನು ಹಿಂಸಿಸುವವನು ನೀಚನು. ಖಳನನ್ನು ನಿಜವಾಗಿ ಹೇಯನನ್ನಾಗಿ ಮಾಡುವುದು ಅವನು ಸುರಿಸಿದ ರಕ್ತದ ಅಳತೆಯಲ್ಲ, ಅವನು ಮುರಿದ ನಂಬಿಕೆಯ ಅಳತೆ.

೨. ನೀಚನು ಒಬ್ಬನೇ ಇರುವುದಿಲ್ಲ. ಸೈರಂಧ್ರಿಯನ್ನು ಮದ್ಯ ತರುವ ನೆಪದಿಂದ ಕೀಚಕನ ಮನೆಗೆ ಕಳುಹಿಸಿದವಳು ರಾಣಿ ಸುದೇಷ್ಣೆ. ತುಂಬಿದ ಸಭೆಯಲ್ಲಿ ಅವನು ಅವಳನ್ನು ಒದ್ದಾಗ ಸುಮ್ಮನೆ ಕುಳಿತವನು ವಿರಾಟ ಮಹಾರಾಜ. ಇವರಿಬ್ಬರೂ ದುಷ್ಟರೆಂದು ಯಾರೂ ಹೇಳುವುದಿಲ್ಲ. ಆದರೆ ಇವರಿಲ್ಲದೆ ಕೀಚಕನಿಲ್ಲ. ಆದುದರಿಂದ ಖಳಪಾತ್ರವನ್ನು ಕಟ್ಟುವಾಗ, ಅವನ ದಾರಿಯನ್ನು ಯಾರು ಸುಗಮ ಮಾಡಿದರು, ಯಾರು ನೋಡಿಯೂ ನೋಡದಂತಿದ್ದರು ಎಂಬ ಎರಡು ಪ್ರಶ್ನೆಗಳನ್ನು ಮಕ್ಕಳಿಂದ ತಪ್ಪದೆ ಕೇಳಿಸತಕ್ಕದ್ದು.

೩. ಖಳನು ಮೃದುವಾಗಿ ಮಾತನಾಡಲಿ. ನಮ್ಮ ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ಹೆರೋದ ಅರಸನು ಪ್ರತಿವರ್ಷವೂ ಬರುವನು. ನಿಮ್ಮಲ್ಲಿ ಎಷ್ಟೋ ಮಂದಿ ಆ ಕಾಗದದ ಕಿರೀಟವನ್ನು ಧರಿಸಿದ್ದೀರಿ. ಹಿಂದೆ ಇಂಗ್ಲೆಂಡಿನ ಕೊವೆಂಟ್ರಿ ಪಟ್ಟಣದಲ್ಲಿ ಕಸುಬುದಾರರ ಸಂಘಗಳು ಸೇರಿ ಆಡುತ್ತಿದ್ದ ಆಟದಲ್ಲಿ ಹೆರೋದನು ರಂಗದಿಂದ ಇಳಿದು ಬೀದಿಯಲ್ಲಿಯೂ ಆರ್ಭಟಿಸುತ್ತಿದ್ದನಂತೆ. ಆರ್ಭಟವು ಚಂದವೇ. ಆದರೆ ಮತ್ತಾಯನ ಸುವಾರ್ತೆಯಲ್ಲಿರುವ ಹೆರೋದನು ಮೊದಲು ಆರ್ಭಟಿಸುವುದಿಲ್ಲ. ಜೋಯಿಸರನ್ನು ಗುಟ್ಟಾಗಿ ಕರೆಯಿಸಿ, ಮಗುವು ಸಿಕ್ಕಿದರೆ ತಿಳಿಸಿರಿ, ತಾನೂ ಬಂದು ನಮಸ್ಕರಿಸುವೆನೆಂದು ಹೇಳುವನು. ಕೂಸುಗಳ ಕೊಲೆಗಿಂತ ಮೊದಲು ಬಂದ ಈ ವಿನಯವೇ ಮೈ ನಡುಗಿಸತಕ್ಕದ್ದು. ಷೇಕ್ಸ್‌ಪಿಯರನ ಒಥೆಲೋ ನಾಟಕದಲ್ಲಿಯೂ ಇಯಾಗೋವನ್ನು ಸುತ್ತಲಿನವರು ಪ್ರಾಮಾಣಿಕನೆಂದೇ ಕರೆಯುವರಷ್ಟೆ.

೪. ಕೇಡನ್ನು ಮೈಮೇಲೆ ಬರೆಯಬಾರದು. ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಉಪಾಧ್ಯಾಯಿನಿಯಾದ ಮೊದಲ ವರ್ಷಗಳಲ್ಲಿ, ಬೇರೊಂದು ಊರಿನಲ್ಲಿ, ಮಕ್ಕಳ ನಾಟಕದ ಖಳನಿಗೆ ಕುಂಟುನಡಿಗೆಯನ್ನು ಹೇಳಿಕೊಟ್ಟೆವು. ಸಭೆಯು ನಕ್ಕಿತು, ನಮಗೂ ಹಿಗ್ಗಾಯಿತು. ಪೋಲಿಯೋದಿಂದ ಕಾಲು ಸೊರಗಿದ ಬಾಲಕಿಯೊಬ್ಬಳು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು. ಅವಳು ಅಳಲಿಲ್ಲ. ಮರುದಿನದಿಂದ, ತರಗತಿಯೆಲ್ಲ ಹೊರಗೆ ಹೋಗುವವರೆಗೆ ತನ್ನ ಜಾಗದಿಂದ ಏಳುವುದನ್ನು ಬಿಟ್ಟಳು, ಅಷ್ಟೇ. ಮಂಥರೆಯ ಗೂನು, ಕಪ್ಪು ಮೈಬಣ್ಣ, ಹರಕು ಬಟ್ಟೆ, ಯಾವುದೋ ಜಾತಿಯ ಅಥವಾ ಮತದ ಉಡುಪು, ಪಕ್ಕದ ಸೀಮೆಯವರ ಮಾತಿನ ಧಾಟಿ, ಇವು ಕೇಡಿನ ಗುರುತುಗಳಲ್ಲ. ಇವುಗಳಿಂದ ಖಳನನ್ನು ಗುರುತಿಸಲು ಕಲಿತ ಮಗುವು ನಿಜವಾದ ಖಳನನ್ನು ಗುರುತಿಸುವುದನ್ನು ಕಲಿಯುವುದಿಲ್ಲ. ಅವನು ಶುಭ್ರವಾದ ಪಂಚೆಯನ್ನುಟ್ಟು ಬರಬಹುದು.

೫. ಆಡುವವರನ್ನು ಕಾಪಾಡತಕ್ಕದ್ದು. ನಮ್ಮ ಶಾಲೆಯ ಕಟ್ಟಳೆಗಳು ಇವು. ಖಳನು ಯಾವ ಮಾತುಗಳನ್ನು ಆಡಕೂಡದೆಂದು ಎಲ್ಲರೂ ಕೂಡಿ ಮೊದಲೇ ಗೊತ್ತುಮಾಡುವರು. ಜೊತೆಗಾತಿಯ ರೂಪವನ್ನಾಗಲಿ, ಅವಳ ಮನೆಯ ಸಂಗತಿಯನ್ನಾಗಲಿ ಪಾತ್ರದ ನೆಪದಿಂದ ಎತ್ತುವಂತಿಲ್ಲ. ಯಾರಾದರೊಬ್ಬಳು ಅಂಗೈಯನ್ನು ತೆರೆದು ತೋರಿಸಿದರೆ ಆಟವು ಅಲ್ಲಿಗೇ ನಿಲ್ಲತಕ್ಕದ್ದು. ಕಾರಣವನ್ನು ಎಲ್ಲರೆದುರಿಗೆ ಕೇಳಬಾರದು. ಖಳನು ಎಷ್ಟೇ ಜಾಣನಾಗಿರಲಿ, ಎದುರಾಳಿಗೆ ಉತ್ತರಿಸಲು ಎಡೆ ಕೊಡಬೇಕು. ತಾನೊಬ್ಬನೇ ಮಾತನಾಡುವವನು ಆಟವನ್ನು ಕೊಲ್ಲುವನು. ಒಬ್ಬಳೇ ಬಾಲಕಿಗೆ ವರ್ಷವರ್ಷವೂ ದುಷ್ಟಪಾತ್ರವನ್ನು ಕೊಡುವುದಿಲ್ಲ. ಆಟ ಮುಗಿದ ಮೇಲೆ ಖಳನ ವೇಷದವಳೂ ಅವನಿಂದ ನೊಂದವಳ ವೇಷದವಳೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುವರು. ಪಾತ್ರದ ಹೆಸರಿನಿಂದ ಯಾರನ್ನೂ ಕರೆಯಕೂಡದು.

ಇಷ್ಟಾದ ಮೇಲೆ ಆ ವಾರ್ಷಿಕೋತ್ಸವದ ಸಂಗತಿಗೆ ಬರುವೆವು.

ಒಂಬತ್ತನೆಯ ತರಗತಿಯವರು ತಾವೇ ಕಥೆಯನ್ನು ಹೂಡಿದರು. ಓದಿನಲ್ಲಿ ಚುರುಕಾದ ಬಾಲಕಿಯೊಬ್ಬಳನ್ನು ಅವಳ ದೊಡ್ಡಪ್ಪನು ಶಾಲೆ ಬಿಡಿಸಿ ಮದುವೆ ಮಾಡಹೊರಡುವ ಕಥೆ. ಮೊದಲ ಅಭ್ಯಾಸದಲ್ಲಿ ದೊಡ್ಡಪ್ಪನಿಗೆ ಗಿರಿಜಾಮೀಸೆ, ಕೆಂಪು ಕಣ್ಣು, ಕೈಯಲ್ಲಿ ಬಾರುಕೋಲು. ಅವನು ಗದರಿದಾಗಲೆಲ್ಲ ಉಳಿದವರು ನಕ್ಕರು. ಆಗ ನಾವು ಕೇಳಿದೆವು: "ಇವನನ್ನು ಕಂಡರೆ ನಿಮಗೆ ಭಯವಾಗುವುದೋ?" ಇಲ್ಲವೆಂದರು. "ಹಾಗಾದರೆ ನಿಮಗೆ ಭಯವಾಗುವಂತೆ ಯಾರು ಮಾತನಾಡುವರು?" ಸ್ವಲ್ಪ ಹೊತ್ತು ಮೌನ. ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ತೀರ ಸಣ್ಣ ದನಿಯಲ್ಲಿ ಹೇಳಿದಳು: "ಎಲ್ಲಾ ನಿನ್ನ ಒಳ್ಳೇದಕ್ಕೇ ಕಣವ್ವಾ. ಹಿರೇರು ಹೇಳಿದ್ದು ಕೇಳಿದ್ರೆ ಯಾರಿಗೂ ಕೆಟ್ಟದಾಗಲ್ಲ." ಯಾರೂ ನಗಲಿಲ್ಲ. ಪಾತ್ರವು ಅವಳದಾಯಿತು. ಬಾರುಕೋಲು ಹೋಯಿತು, ಬದಲಾಗಿ ದೊಡ್ಡಪ್ಪನು ಮಗುವಿಗೆಂದು ಬಳೆ ತಂದನು.

ಮರುದಿನ ನಾವು ತರಗತಿಯನ್ನು ಶಾಸನದ ಬಂಡೆಯ ಬಳಿಗೆ ಕರೆದುಕೊಂಡು ಹೋದೆವು. ನಮ್ಮ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಈ ಮೂರು ಎಡೆಗಳ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ೧೮೯೨ರಲ್ಲಿ ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹವು ತಾಯಿತಂದೆಗಳಿಗೆ ವಿಧೇಯರಾಗಿರಬೇಕೆಂದು ಹೇಳುತ್ತದೆ. ಅದರ ಜೊತೆಯಲ್ಲಿಯೇ ಪ್ರಾಣಿಗಳಲ್ಲಿ ದಯೆ ಇರಬೇಕೆಂದೂ ಸತ್ಯವನ್ನು ನುಡಿಯಬೇಕೆಂದೂ ಹೇಳುತ್ತದೆ. ಶಿಷ್ಯನು ಗುರುವನ್ನು ಗೌರವಿಸಬೇಕೆಂದೂ, ಬಂಧುಗಳಲ್ಲಿ ತಕ್ಕಂತೆ ನಡೆದುಕೊಳ್ಳಬೇಕೆಂದೂ ಹೇಳುತ್ತದೆ. ಇದನ್ನು ವಿವರಿಸಿ, "ನಿಮ್ಮ ಕಥೆಯ ದೊಡ್ಡಪ್ಪನು ಈ ಬಂಡೆಯಿಂದ ಏನನ್ನು ಓದಿದನು, ಏನನ್ನು ಓದದೆ ಬಿಟ್ಟನು?" ಎಂದು ಕೇಳಿದೆವು. ಅವರು ಕೂಡಲೇ ಕಂಡುಕೊಂಡರು. ಅವನು ವಿಧೇಯತೆಯನ್ನು ಓದಿ, ದಯೆಯನ್ನೂ ಸತ್ಯವನ್ನೂ ಬಿಟ್ಟನು. ಒಳ್ಳೆಯ ಮಾತಿನಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಎತ್ತಿಕೊಂಡು, ಅದನ್ನು ಎಳೆಯರ ಮೇಲೆ ಹೊರಿಸುವವನೇ ನಿಜವಾದ ನೀಚನೆಂಬ ಪಾಠವನ್ನು ಆ ದಿನ ಮಕ್ಕಳೇ ನಮಗೆ ಹೇಳಿದರು.

ಕೊನೆಯನ್ನು ಕುರಿತು ಬಹಳ ಚರ್ಚೆಯಾಯಿತು. ದೊಡ್ಡಪ್ಪನು ಪಶ್ಚಾತ್ತಾಪಪಟ್ಟು ಅಳಲಿ ಎಂದರು ಕೆಲವರು. ಬೇಡವೆಂದರು ಹೆಚ್ಚು ಮಂದಿ. ಅಂಥವರು ಒಂದು ಸಂಜೆಯಲ್ಲಿ ತಿರುಗುವುದಿಲ್ಲ. ತಿರುಗತಕ್ಕವನು ವಿರಾಟನಂತೆ ಸುಮ್ಮನೆ ಕುಳಿತ ತಂದೆ ಎಂದು ಗೊತ್ತಾಯಿತು. ಆಟದ ಕೊನೆಯಲ್ಲಿ ಆ ತಂದೆಯು ಎದ್ದು ನಿಂತು, "ಅಣ್ಣಾ, ಬಳೆ ವಾಪಸು ತಗೊಂಡು ಹೋಗು" ಎಂದನು. ದೊಡ್ಡಪ್ಪನು ನಗುತ್ತಲೇ ಬಳೆಯನ್ನು ಗಂಟುಕಟ್ಟಿಕೊಂಡು ಹೊರಟನು. ಅಷ್ಟೇ ಆಟ. ಸಭೆಯಲ್ಲಿ ಚಪ್ಪಾಳೆಯು ತಡವಾಗಿ ಬಂದಿತು.

ಈಗ ಮೊದಲ ಪ್ರಶ್ನೆಗೆ ಹಿಂದಿರುಗುವೆವು. ನಮ್ಮ ಕೊಠಡಿಗೆ ಬಂದ ಪೋಷಕರು ಆ ದೊಡ್ಡಪ್ಪನ ವೇಷದ ಬಾಲಕಿಯ ತಂದೆ. "ಆ ಮಾತುಗಳನ್ನು ನಾವು ಕಲಿಸಲಿಲ್ಲ, ಅವಳೇ ತಂದಳು" ಎಂದಷ್ಟೇ ಹೇಳಿದೆವು. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಕುಳಿತುಕೊಂಡರು. ಅವರ ಹಿರಿಯ ಮಗಳು ನಾಲ್ಕು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯಲ್ಲಿದ್ದಾಗಲೇ, ಶಾಲೆಯನ್ನು ಬಿಟ್ಟಿದ್ದಳು. ಅಂದು ಮನೆಯಲ್ಲಿ ಆ ಮಾತುಗಳನ್ನು ಆಡಿದವರು ಬೇರೆ. ಸುಮ್ಮನೆ ಕುಳಿತಿದ್ದವರು ತಾವು ಎಂದು ಅವರೇ ಹೇಳಿದರು. ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದವಳು ಕಿರಿಯವಳು. ಇದನ್ನು ಇಲ್ಲಿ ಬರೆಯಲು ತಂದೆಯೂ ಇಬ್ಬರು ಮಕ್ಕಳೂ ಒಪ್ಪಿಗೆ ಕೊಟ್ಟಿರುವರು. ಬೇರೆ ಮನೆಗಳಿಗೆ ಉಪಯೋಗವಾಗಲಿ ಎಂಬುದೇ ಅವರ ಮಾತು.

ಹೆಣ್ಣಿಗೆ ಹದಿನೆಂಟು ವರ್ಷ ತುಂಬುವ ಮೊದಲು ಮದುವೆ ಮಾಡುವುದು ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಅಪರಾಧವೆಂಬುದನ್ನೂ, ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮ ಎಂಬುದನ್ನೂ ನಮ್ಮ ಗೋಡೆಯ ಮೇಲೆ ಬರೆಯಿಸಿದ್ದೇವೆ. ಆದರೆ ಕಾಯಿದೆಯು ಮನೆಯೊಳಗಿನ ಸಣ್ಣ ದನಿಯನ್ನು ಕೇಳಲಾರದು. ಅದನ್ನು ಮಕ್ಕಳೇ ಕೇಳಿ, ಇದು ಒಳ್ಳೆಯ ಮಾತಿನ ಅರ್ಧವೆಂದು ಗುರುತಿಸಬೇಕು. ಅದಕ್ಕಾಗಿಯೇ ನಮ್ಮ ಮಕ್ಕಳಿಗೆ ಖಳನ ಮಾತನ್ನು ಆಡಿಸುತ್ತೇವೆ. ತಮ್ಮ ಬಾಯಿಂದ ಒಮ್ಮೆ ಆಡಿ ನೋಡಿದ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಬೇಗನೆ ಗುರುತು ಸಿಕ್ಕುವುದು.

ಆ ತಂದೆಯು ಏಳುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿದರು: "ಅಮ್ಮಾವ್ರೇ, ದೊಡ್ಡವಳು ಈಗ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಬಹುದೆ?" ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದೆಂದು ಹೇಳಿ, ಅರ್ಜಿಯ ನಮೂನೆಯನ್ನು ತರಿಸಿಕೊಟ್ಟೆವು. ಶನಿವಾರದ ಮಧ್ಯಾಹ್ನಗಳಲ್ಲಿ ಅವಳು ತನ್ನ ಕೂಸನ್ನು ಎತ್ತಿಕೊಂಡು ಗಣಿತದ ಪಾಠಕ್ಕೆ ಬರುತ್ತಿದ್ದಾಳೆ. ಪಾಠ ಮುಗಿಯುವವರೆಗೆ ಕೂಸನ್ನು ಆಡಿಸುವವಳು ನಮ್ಮ ದೊಡ್ಡಪ್ಪನ ವೇಷದವಳೇ.