ಏಳು ದಿನದ ಸೈಕಲ್ ರೇಸಿಗೆ ದೇಹ ಸಿದ್ಧವೇ?

ಪ್ರಶ್ನೆ: ನನಗೆ 43 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕೆಲವು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ, ಭಾನುವಾರದ ನಂದಿಬೆಟ್ಟ ತಪ್ಪಿಸುವುದಿಲ್ಲ. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಹವ್ಯಾಸಿಗಳಿಗಾಗಿ ನಡೆಯುವ ‘ಓಟ್ ರೂಟ್’ ಎಂಬ ಏಳು ದಿನಗಳ ರೇಸಿಗೆ ಹೆಸರು ಕೊಟ್ಟಿದ್ದೇನೆ. ವಿದೇಶದ ರೇಸು ಇದೇ ಮೊದಲು. ತಂದೆಗೆ 54ನೇ ವಯಸ್ಸಿಗೆ ಬೈಪಾಸ್ ಆಗಿತ್ತು. ನನಗೆ ಬಿ.ಪಿ. ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ನಮ್ಮ ವೈದ್ಯರು ಬಿ.ಪಿ. ನೋಡಿ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅಷ್ಟು ಸಾಕೇ?
– ಓದುಗರು, ಬೆಂಗಳೂರು

ಉತ್ತರ: ಸಾಲದು. ನಂದಿಬೆಟ್ಟದ ಏರು ಏಳೆಂಟು ಕಿಲೋಮೀಟರ್. ಹತ್ತಿ ಇಳಿದು, ತಿಂಡಿ ತಿಂದು ಮನೆಗೆ ಬಂದರೆ ಮುಂದಿನ ಏರಿಗೆ ಒಂದು ವಾರ ಬಿಡುವು. ಆಲ್ಪ್ಸ್‌ನ ಗಾಲಿಬಿಯೆ ಘಟ್ಟದ ತುದಿ 2,642 ಮೀಟರ್ ಎತ್ತರದಲ್ಲಿದೆ. ವಲ್ವಾರ್ ಊರಿನಿಂದ ಅಲ್ಲಿಗೆ 18 ಕಿಲೋಮೀಟರ್ ಬಿಡದೆ ಏರು. ಅಂಥದ್ದೊಂದು ದಿನ ಮುಗಿಸಿ ಮಲಗಿದವರು ಮರುದಿನ ಬೆಳಿಗ್ಗೆ ಮತ್ತೆ ಸೈಕಲ್ ಹತ್ತಬೇಕು. ಹೃದಯಕ್ಕೆ ಅದು ಬೇರೆಯೇ ಪರೀಕ್ಷೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತಂದೆಯವರ ವಿಷಯ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲೇ ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೆ ಅದನ್ನು ಅಕಾಲಿಕ ಹೃದ್ರೋಗ ಎನ್ನುತ್ತೇವೆ. ಆಗ ನಿಮ್ಮ ಅಪಾಯವೂ ಹೆಚ್ಚು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗಿದ್ದು ಸುಮಾರು 53ನೇ ವಯಸ್ಸಿಗೆ, ಉಳಿದವರಿಗೆ 59ರ ಹತ್ತಿರ. ನಮ್ಮವರಿಗೆ ಇದು ಬೇಗ ಬರುತ್ತದೆ, ಸೈಕಲ್ ತುಳಿಯುವವರನ್ನೂ ಬಿಡುವುದಿಲ್ಲ.

ರೇಸಿಗೆ ಕನಿಷ್ಠ ಮೂರು ತಿಂಗಳ ಮೊದಲು ಹೃದ್ರೋಗ ತಜ್ಞರನ್ನು ಕಂಡು ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಟ್ರೆಡ್‌ಮಿಲ್ ಬಗ್ಗೆ ಒಂದು ಮಾತು. ಎಷ್ಟೋ ಕಡೆ ವಯಸ್ಸಿಗೆ ತಕ್ಕ ಗರಿಷ್ಠ ಬಡಿತದ ಶೇ 85 ಮುಟ್ಟಿದ ಕೂಡಲೇ ಯಂತ್ರ ನಿಲ್ಲಿಸಿ ‘ನಾರ್ಮಲ್’ ಎಂದು ಬರೆದುಕೊಡುತ್ತಾರೆ. ನೀವು ಘಟ್ಟದಲ್ಲಿ ಆ ಮಿತಿ ದಾಟಿ ಬಹಳ ಹೊತ್ತು ತುಳಿಯುವವರು. ರೇಸಿಗೆ ಹೋಗುವುದನ್ನು ಮೊದಲೇ ತಿಳಿಸಿ, ನಿಮ್ಮ ಕೈಲಾಗುವವರೆಗೂ ಓಡಿಸಲು ಕೇಳಿ. ಕೊಲೆಸ್ಟ್ರಾಲ್, ಸಕ್ಕರೆ, ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಕೂಡ ನೋಡಿಸಿ. ಇಷ್ಟೆಲ್ಲ ಸರಿಯಿದ್ದರೂ ಏರು ಹತ್ತುವಾಗ ಎದೆ ಹಿಂಡಿದಂತಾದರೆ ರಿಪೋರ್ಟಿಗಿಂತ ಆ ನೋವನ್ನೇ ನಂಬಬೇಕು.

ಪ್ರಶ್ನೆ: ನಾನು ತೆಗೆದುಕೊಳ್ಳುವುದು ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಒಂದೇ ಮಾತ್ರೆ. ಮಂಡಿ ನೋವಿರುವುದರಿಂದ ದೂರದ ಸವಾರಿಗೆ ಮೊದಲು ಡೈಕ್ಲೋಫೆನಾಕ್ ನುಂಗುತ್ತೇನೆ. ಎತ್ತರದ ಜಾಗವಾದ್ದರಿಂದ ಡಯಾಮಾಕ್ಸ್ ಇಟ್ಟುಕೋ ಎಂದು ಗೆಳೆಯರು ಹೇಳುತ್ತಿದ್ದಾರೆ.
– ಅದೇ ಓದುಗರು

ಉತ್ತರ: ಮಾತ್ರೆಗಳ ಹೆಸರು ಬರೆದು ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ತರಬೇತಿಗಿಂತ ನನಗೆ ಇವುಗಳದ್ದೇ ಚಿಂತೆ.

ಹೈಡ್ರೋಕ್ಲೋರೋಥಯಾಜೈಡ್ ಮೂತ್ರ ಹೆಚ್ಚಿಸುವ ಔಷಧಿ. ಅದು ಉಪ್ಪು, ನೀರು ಎರಡನ್ನೂ ಹೊರಗೆ ಹಾಕುತ್ತದೆ. ಆರು ಗಂಟೆ ಬೆವರಿದ ದೇಹ ಉಪ್ಪು, ನೀರನ್ನು ಹಿಡಿದಿಟ್ಟುಕೊಳ್ಳಲು ಹೆಣಗುತ್ತಿರುವಾಗ ಈ ಮಾತ್ರೆ ಅದರ ವಿರುದ್ಧ ಕೆಲಸ ಮಾಡುತ್ತದೆ. ಇನ್ನು ಮೂತ್ರಪಿಂಡದ ಕಥೆ. ಬೆವರಿ ರಕ್ತದ ಪ್ರಮಾಣ ಕುಗ್ಗಿದಾಗ ಮೂತ್ರಪಿಂಡ ತನ್ನೊಳಗಿನ ಒತ್ತಡವನ್ನು ಹೇಗೋ ಕಾಪಾಡಿಕೊಳ್ಳುತ್ತದೆ: ರಕ್ತ ಒಳಬರುವ ನಾಳವನ್ನು ಅಗಲವಾಗಿಟ್ಟು, ಹೊರಹೋಗುವ ನಾಳವನ್ನು ಬಿಗಿ ಮಾಡುತ್ತದೆ. ಡೈಕ್ಲೋಫೆನಾಕ್ ಒಳಬರುವ ನಾಳ ಅಗಲವಾಗದಂತೆ ತಡೆಯುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳ ಬಿಗಿಯಾಗದಂತೆ ತಡೆಯುತ್ತದೆ. ಮೂರೂ ಔಷಧಿ ಒಟ್ಟಿಗೆ ಸೇರಿ, ಮೇಲೆ ಬೆವರು, ಬಿಸಿಲು, ದಣಿದ ಸ್ನಾಯು ಎಲ್ಲ ಕೂಡಿದರೆ ಮೂತ್ರಪಿಂಡ ದಿಢೀರನೆ ಕೆಲಸ ನಿಲ್ಲಿಸಬಹುದು. ಒಂದು ದಿನದ ಸವಾರಿಯಲ್ಲಿ ಪಾರಾಗಿರುತ್ತೀರಿ. ಏಳು ದಿನ ಸತತವಾಗಿ ಹೀಗೆ ಮಾಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಹಾಗೆಂದು ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಮ್ಮ ವೈದ್ಯರ ಬಳಿ ಈಗಲೇ ಹೋಗಿ, ಥಯಾಜೈಡ್ ಇಲ್ಲದ ಮಾತ್ರೆಗೆ, ಉದಾಹರಣೆಗೆ ಅಮ್ಲೋಡಿಪಿನ್‌ಗೆ, ಬದಲಾಯಿಸಲು ಆಗುತ್ತದೆಯೇ ಕೇಳಿ. ಬದಲಾಯಿಸಿದ ಮೇಲೆ ನಾಲ್ಕಾರು ವಾರ ಮನೆಯಲ್ಲಿ ಬಿ.ಪಿ. ಬರೆದಿಡಿ.

ಇನ್ನೊಂದು ಕಾರಣವೂ ಇದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ನಿಷೇಧಿಸಿದ ಪಟ್ಟಿಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದೆ, ಡಯಾಮಾಕ್ಸ್ ಕೂಡ ಇದೆ. ಹವ್ಯಾಸಿ ರೇಸುಗಳಲ್ಲೂ ಮೂತ್ರ ಪರೀಕ್ಷೆ ನಡೆಯಬಹುದು. ನಮ್ಮಲ್ಲಿ ಕೆಮ್ಮಿಗೆ ಕೊಡುವ ಹಲವು ಸಿರಪ್‌ಗಳಲ್ಲಿರುವ ಟರ್ಬುಟಲಿನ್ ಅದೇ ಪಟ್ಟಿಯಲ್ಲಿದೆ. ನೋವಿಗೆ ಕೊಡುವ ಟ್ರಮಡಾಲ್ 2024ರ ಜನವರಿಯಿಂದ ಸ್ಪರ್ಧೆಯ ವೇಳೆ ನಿಷಿದ್ಧ. ಸಾಲ್ಬುಟಮಾಲ್ ಇನ್‌ಹೇಲರ್ ಮಿತಿಯೊಳಗೆ ಬಳಸಬಹುದು. ಏನನ್ನೇ ಚೀಲಕ್ಕೆ ಹಾಕಿಕೊಳ್ಳುವ ಮೊದಲು ಪಟ್ಟಿ ನೋಡಿ. ಅನಿವಾರ್ಯವಾದ ಔಷಧಿಯಿದ್ದರೆ ಅನುಮತಿಯ ಬಗ್ಗೆ ರಾಷ್ಟ್ರೀಯ ಸಂಸ್ಥೆ ನಾಡಾ ಮತ್ತು ಸಂಘಟಕರನ್ನು ವಿಚಾರಿಸಿ.

ಡಯಾಮಾಕ್ಸ್ ನಿಮಗೆ ಬೇಕಾಗಿಯೂ ಇಲ್ಲ. ಬೆಟ್ಟದ ಕಾಯಿಲೆ ಕಾಡುವುದು ಹೆಚ್ಚಾಗಿ 2,500 ಮೀಟರಿಗಿಂತ ಮೇಲೆ ರಾತ್ರಿ ಕಳೆಯುವವರನ್ನು. ನೀವು ಘಟ್ಟ ದಾಟಿ ಕೆಳಗಿನ ಊರಲ್ಲಿ ಮಲಗುತ್ತೀರಿ. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ ಇರುವುದರಿಂದ ಏದುಸಿರು ಬರುವುದು ಸಹಜ. ವೇಗ ತಗ್ಗಿಸಿ, ಅಷ್ಟೇ.

ಮಂಡಿಗೆ ಮದ್ದು ಸೈಕಲ್ಲಿನಲ್ಲೇ ಇರಬಹುದು. ನೋವು ಮಂಡಿಚಿಪ್ಪಿನ ಮುಂದೆ ಬಂದರೆ ಸೀಟು ತಗ್ಗಾಗಿರುವುದು, ಹಿಂದೆ ಬಂದರೆ ಎತ್ತರವಾಗಿರುವುದು ಸಾಮಾನ್ಯ ಕಾರಣ. ತಿಳಿದವರ ಹತ್ತಿರ ಬೈಕ್ ಫಿಟ್ ಮಾಡಿಸಿ. ತೀರಾ ಬೇಕಾದರೆ ಸಂಜೆ ಒಂದು ಪ್ಯಾರಸಿಟಮಾಲ್.

ಪ್ರಶ್ನೆ: ನಾನು ಸಸ್ಯಾಹಾರಿ. ಎನರ್ಜಿ ಜೆಲ್ ತಿಂದರೆ ವಾಕರಿಕೆ ಬರುತ್ತದೆ. ಅಲ್ಲಿ ಏನು ತಿನ್ನಲಿ? ಎಷ್ಟು ನೀರು ಕುಡಿಯಲಿ?
– ಅದೇ ಓದುಗರು

ಉತ್ತರ: ತುಳಿಯುವಾಗ ಗಂಟೆಗೆ 60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ, ಎರಡು ದೊಡ್ಡ ಖರ್ಜೂರದಲ್ಲಿ 30ರಿಂದ 35 ಗ್ರಾಂ ಸಿಗುತ್ತದೆ. ಜೆಲ್ ಒಗ್ಗದವರು ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ನಿಂಬೆರಸ ಬೆರೆಸಿ ಕುಡಿಯಬಹುದು. ಓಆರ್‌ಎಸ್ ಪುಡಿಯಲ್ಲಿ ಉಪ್ಪು ಸಾಕಷ್ಟಿದೆ, ಆದರೆ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದೊಂದನ್ನೇ ನಂಬಿದರೆ ಕಾಲು ಸೋಲುತ್ತದೆ. ಹೊಟ್ಟೆಗೂ ಅಭ್ಯಾಸ ಬೇಕು. ಅಲ್ಲಿ ತಿನ್ನುವುದನ್ನೇ ಇಲ್ಲಿ ನಾಲ್ಕೈದು ಗಂಟೆಯ ಸವಾರಿಗಳಲ್ಲಿ ತಿಂದು ನೋಡಿ.

ನೀರಿನ ಲೆಕ್ಕ ತೂಕದಿಂದ ಗೊತ್ತಾಗುತ್ತದೆ. ಹೊರಡುವ ಮೊದಲು, ಬಂದ ಮೇಲೆ ತೂಕ ನೋಡಿ. ಶೇ 2ರಷ್ಟು ಇಳಿದಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಇಳಿದಿದ್ದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ, ರಕ್ತದಲ್ಲಿ ಸೋಡಿಯಂ ಇಳಿಯುವ ಅಪಾಯ ಅದು. ತಲೆನೋವು, ವಾಂತಿ, ಗೊಂದಲದ ಮಾತು ಕಂಡರೆ ಇನ್ನಷ್ಟು ನೀರು ಕುಡಿಸಬಾರದು.

ಸಂಜೆ ರೇಸು ಮುಗಿದ ಒಂದು ಗಂಟೆಯೊಳಗೆ ಹೊಟ್ಟೆ ತುಂಬಾ ಊಟ ಆಗಬೇಕು. ಇಲ್ಲಿ ಅಸಡ್ಡೆ ಮಾಡಿದವರು ಮೂರನೆಯ ದಿನ ಸೋಲುತ್ತಾರೆ. ಅವಲಕ್ಕಿ ಒಯ್ಯಿರಿ: 100 ಗ್ರಾಂ ಅವಲಕ್ಕಿಯಲ್ಲಿ 75 ಗ್ರಾಂಗೂ ಹೆಚ್ಚು ಪಿಷ್ಟವಿದೆ, ಒಲೆ ಬೇಕಿಲ್ಲ, ಹೋಟೆಲ್ ಕೋಣೆಯಲ್ಲಿ ಬಿಸಿನೀರು ಹಾಕಿ ಅಲ್ಲಿಯ ಮೊಸರು ಕಲಸಿದರೆ ಆಯಿತು. ಪ್ರೋಟೀನಿಗೆ ಅಲ್ಲಿಯ ಮಸೂರು ಬೇಳೆ, ಚೀಸ್ ಇವೆ. ಧಾರವಾಡ ಪೇಡ, ತುಪ್ಪ ಒಯ್ಯಬೇಡಿ; ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ.

ಪ್ರಶ್ನೆ: ನಾನು 36ರ ಮಹಿಳೆ, ನಾನೂ ಇಂಥದ್ದೇ ರೇಸಿಗೆ ಹೋಗುತ್ತಿದ್ದೇನೆ. ಎರಡು ದಿನ ಸತತ ತುಳಿದರೆ ಸೀಟು ತಾಗುವಲ್ಲಿ ಗುಳ್ಳೆ ಏಳುತ್ತದೆ. ಹಿಮೋಗ್ಲೋಬಿನ್ 10.8 ಇದೆ.
– ಓದುಗರು, ಮಂಗಳೂರು

ಉತ್ತರ: ಮೊದಲು ರಕ್ತ. 12ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ, ಅದನ್ನಿಟ್ಟುಕೊಂಡು ಘಟ್ಟ ಹತ್ತುವುದು ಬೇಡ. ಫೆರಿಟಿನ್ ನೋಡಿಸಿ, ಮುಟ್ಟಿನ ಸ್ರಾವ ಹೆಚ್ಚಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಫಲ ಕೊಡಲು ಎರಡು ಮೂರು ತಿಂಗಳು ಬೇಕು. ಕಾಫಿ ಚಹಾದ ಜೊತೆ ನುಂಗಬೇಡಿ.

ಗುಳ್ಳೆಯ ವಿಷಯ ಹೇಳಲು ಎಲ್ಲರೂ ನಾಚುತ್ತಾರೆ, ನೀವು ಕೇಳಿದ್ದು ಸಂತೋಷ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಬೇರೆ ಒಳ ಉಡುಪು ಹಾಕಬಾರದು, ಅದರ ಹೊಲಿಗೆಯೇ ಚರ್ಮ ಉಜ್ಜುತ್ತದೆ. ಹೊರಡುವಾಗ ಚರ್ಮ ಉಜ್ಜದಂತೆ ತಡೆಯುವ ಶಾಮಿ ಕ್ರೀಮ್ ಹಚ್ಚಿ. ರೇಸು ಮುಗಿಯುತ್ತಲೇ, ಫೋಟೋ ಹರಟೆಗೆ ನಿಲ್ಲದೆ, ಒದ್ದೆ ಚಡ್ಡಿ ಬಿಚ್ಚಿ ತೊಳೆದು ಒರೆಸಿಕೊಳ್ಳಿ. ಆ ಭಾಗದ ಕೂದಲು ಬೋಳಿಸಬೇಡಿ. ಕನಿಷ್ಠ ಮೂರು ಜೊತೆ ಚಡ್ಡಿ ಇರಲಿ. ಗುಳ್ಳೆ ಗಟ್ಟಿಯಾಗಿ ಕೀವು ಕಟ್ಟಿದರೆ ಹಿಚುಕದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಯಜಮಾನರು ರೇಸಿಗೆ ಹೋಗುತ್ತಿದ್ದಾರೆ, ಜೊತೆಗೆ ನಾನೂ ಹೊರಟಿದ್ದೇನೆ. ಸುಲಭಕ್ಕೆ ಸೋಲೊಪ್ಪುವವರಲ್ಲ. ಯಾವಾಗ ನಿಲ್ಲಿಸಬೇಕು?
– ಗೃಹಿಣಿ, ಬೆಂಗಳೂರು

ಉತ್ತರ: ಅಮ್ಮಾ, ಇದನ್ನು ಅವರಿಗೂ ಓದಿಸಿ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ಕಣ್ಣು ಕತ್ತಲೆ ಬರುವುದು, ಕೂತಾಗಲೂ ತಗ್ಗದ ಏದುಸಿರು, ಕೋಲಾ ಬಣ್ಣದ ಮೂತ್ರ, ತೊದಲು ಮಾತು – ಇವುಗಳಲ್ಲಿ ಒಂದು ಕಂಡರೂ ರೇಸು ಅಲ್ಲಿಗೇ ಮುಗಿಯಬೇಕು. ಬೆಳಿಗ್ಗೆ ಏಳುವಾಗ ನಾಡಿ ಎಂದಿಗಿಂತ ಬಹಳ ಜೋರಿದ್ದು, ಮೈ ಬಿಸಿಯಿದ್ದರೆ ಆ ದಿನ ಹೊರಡಿಸಬೇಡಿ. ಜ್ವರದಲ್ಲಿ ತುಳಿದರೆ ಹೃದಯದ ಸ್ನಾಯುವಿಗೇ ಉರಿಯೂತ ತಗಲಬಹುದು.

ಏರಿಗಿಂತ ಇಳಿಜಾರು ಅಪಾಯ. ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಬೆವರಿಗೆ ಒದ್ದೆಯಾದ ಅಂಗಿಯಲ್ಲಿ ವೇಗವಾಗಿ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಅವರ ಜೇಬಿನಲ್ಲೇ ಇರಲಿ, ತುದಿಯಲ್ಲಿ ನಿಂತು ಹಾಕಿಕೊಳ್ಳಲಿ. ಫ್ರಾನ್ಸಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಸೈಕಲ್ಲನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಯಾವ ಹಿಡಿ ಮುಂದಿನ ಚಕ್ರದ್ದು ಎಂದು ನೋಡಿಕೊಳ್ಳಲಿ, ಅಲ್ಲಿ ಸಾಮಾನ್ಯವಾಗಿ ಎಡಗೈಯದ್ದು. ಮೂರ್ನಾಲ್ಕು ದಿನ ಮೊದಲೇ ತಲುಪಿದರೆ ಇದೆಲ್ಲ ರೂಢಿಯಾಗುತ್ತದೆ.

ಪ್ರವಾಸ ವಿಮೆಯ ಕಾಗದ ಓದಿ. ಹಲವು ವಿಮೆಗಳು ಸ್ಪರ್ಧೆಯಲ್ಲಿ ಆದ ಗಾಯಕ್ಕೆ, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚಿಗೆ ಹಣ ಕೊಡುವುದಿಲ್ಲ. ಕೊಡುವಂಥದ್ದನ್ನೇ ಕೊಳ್ಳಿ. ಅವರ ರಕ್ತದ ಗುಂಪು, ಕಾಯಿಲೆ, ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ ಬರೆಸಿ ಅವರ ಜೇಬಿನಲ್ಲಿಡಿ. ಯುರೋಪಿನಾದ್ಯಂತ ತುರ್ತು ನಂಬರ್ 112. ಇಬ್ಬರ ಫೋನಿನಲ್ಲೂ ಇವತ್ತೇ ಸೇರಿಸಿಕೊಳ್ಳಿ.