ಎದೆಹಾಲಿನ ಬಣ್ಣ ಬದಲಾಯಿತೇ? ಗಾಬರಿ ಬೇಡ

‘ಹಾಲು ನೀರು ನೀರಾಗಿದೆ, ಮಗುವಿಗೆ ಸಾಲೋದಿಲ್ಲ’ ಎಂದು ಹಿರಿಯರೊಬ್ಬರು ಹೇಳಿದರೆ ಸಾಕು, ಬಾಣಂತಿಯ ಧೈರ್ಯ ಅರ್ಧ ಕುಸಿಯುತ್ತದೆ. ಮರುದಿನ ಹಾಲಿನ ಪುಡಿಯ ಡಬ್ಬಿ ಮನೆಗೆ ಬರುತ್ತದೆ. ಹಸುವಿನ ಹಾಲು ನೋಡಿ ಪಳಗಿದ ಕಣ್ಣಿಗೆ ಎದೆಹಾಲು ತೆಳುವಾಗಿ ಕಾಣುವುದು ಸಹಜ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಶೇ 3ಕ್ಕಿಂತ ಹೆಚ್ಚಿದ್ದರೆ ಎದೆಹಾಲಿನಲ್ಲಿರುವುದು ಸುಮಾರು ಶೇ 1. ಎಳೆಗೂಸಿಗೆ ಹೊಂದುವುದೂ ಅಷ್ಟೇ. ಹಾಲು ಬೇರೆ ಥರ ಕಂಡಾಗ ಹೀಗೆ ಒಂದೊಂದಾಗಿ ಗಮನಿಸಿ.

ಮೊದಲು, ಹೆರಿಗೆಯಾಗಿ ಎಷ್ಟು ದಿನವಾಯಿತು ಎಂದು ನೋಡಿ. ಆರಂಭದ ಎರಡು ಮೂರು ದಿನ ಬರುವ ಗಿಣ್ಣು ಹಾಲು ಅಂಟಂಟಾಗಿ, ದಟ್ಟ ಹಳದಿಯಾಗಿರುತ್ತದೆ; ಕೆಲವರಲ್ಲಿ ತಿಳಿಯಾಗಿಯೂ ಇರಬಹುದು. ಹಳದಿ ಬಣ್ಣ ಬೀಟಾ ಕೆರೋಟಿನ್‌ನದು. ಸೋಂಕಿನಿಂದ ಕಾಪಾಡುವ ಅಂಶಗಳು ಇದರಲ್ಲೇ ಹೆಚ್ಚು. ಕೆಟ್ಟ ಹಾಲೆಂದು ಇದನ್ನು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ದಯವಿಟ್ಟು ಒಂದು ಹನಿಯನ್ನೂ ಚೆಲ್ಲಬೇಡಿ. ಚಮಚದಷ್ಟೇ ಬಂದರೂ ಚಿಂತೆ ಬೇಡ, ಮೊದಲ ದಿನ ಮಗುವಿನ ಹೊಟ್ಟೆ ಹಿಡಿಯುವುದೂ ಅಷ್ಟೇ. ಎರಡು ವಾರ ಕಳೆಯುವ ಹೊತ್ತಿಗೆ ಹಾಲು ಬಿಳಿಯಾಗುತ್ತದೆ.

ಆಮೇಲೂ ದಿನವಿಡೀ ಒಂದೇ ಬಣ್ಣ ಇರುವುದಿಲ್ಲ. ಎದೆ ತುಂಬಿದ್ದಾಗ ಹಿಂಡಿದ ಹಾಲನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ: ಅಂಚಿನಲ್ಲಿ ತೆಳು ನೀಲಿ ಛಾಯೆ ಕಾಣುತ್ತದೆ. ಎದೆ ಬರಿದಾಗುತ್ತಾ ಬಂದಂತೆ ಕೊಬ್ಬಿನಂಶ ಏರಿ ಹಾಲು ಗಟ್ಟಿಯಾಗುತ್ತದೆ. ಎರಡೂ ಮಗುವಿಗೆ ಬೇಕು. ಆದ್ದರಿಂದ ಗಡಿಯಾರ ನೋಡಿ ಮಗುವನ್ನು ಬಿಡಿಸಬೇಡಿ. ಒಂದು ಕಡೆ ಕುಡಿದು ತಾನಾಗಿ ಬಿಟ್ಟ ಮೇಲೆ ಇನ್ನೊಂದು ಕಡೆಗೆ ಹಾಕಿಕೊಳ್ಳಿ.

ಹಿಂದಿನ ದಿನ ಏನು ಉಂಡಿರಿ ಎಂಬುದನ್ನೂ ನೆನಪಿಸಿಕೊಳ್ಳಿ. ಸೊಪ್ಪಿನಿಂದ ಹಸಿರು ಛಾಯೆ, ಕ್ಯಾರೆಟ್, ಕುಂಬಳಕಾಯಿಯಿಂದ ಕಿತ್ತಳೆ, ಬೀಟ್‌ರೂಟಿನಿಂದ ಗುಲಾಬಿ ಬಣ್ಣ ಬರಬಹುದು. ಇದಕ್ಕಾಗಿ ಬಾಣಂತಿಗೆ ಸೊಪ್ಪು ತರಕಾರಿ ನಿಲ್ಲಿಸುವುದು ತಪ್ಪು. ಮಾತ್ರೆಯ ವಿಷಯ ಬೇರೆ: ಮೊಡವೆಗೆ ಕೊಡುವ ಮಿನೊಸೈಕ್ಲಿನ್‌ನಿಂದ ಹಾಲು ಕಪ್ಪಾದದ್ದು ವೈದ್ಯರ ಗಮನಕ್ಕೆ ಬಂದಿದೆ. ಹೊಸ ಮಾತ್ರೆ ಶುರುವಾಗಿದ್ದರೆ ವೈದ್ಯರಿಗೆ ತಿಳಿಸಿ.

ಎಲ್ಲಕ್ಕಿಂತ ಹೆದರಿಸುವುದು ತುಕ್ಕು ಹಿಡಿದಂಥ ಕಂದು ಇಲ್ಲವೇ ಕೆಂಪು ಹಾಲು. ಚೊಚ್ಚಲ ಬಾಣಂತಿಯರಲ್ಲಿ ಮೊದಲ ದಿನಗಳಲ್ಲಿ ಇದು ಕಾಣಿಸಬಹುದು. ಎದೆಯೊಳಗೆ ರಕ್ತಸಂಚಾರ ಒಮ್ಮೆಲೇ ಹೆಚ್ಚಿದಾಗ ಸ್ವಲ್ಪ ರಕ್ತ ಹಾಲಿಗೆ ಸೇರುತ್ತದೆ. ನೋವಿರುವುದಿಲ್ಲ, ಸಾಮಾನ್ಯವಾಗಿ ವಾರದೊಳಗೆ ತಿಳಿಯಾಗುತ್ತದೆ. ತೊಟ್ಟು ಬಿರಿದಿದ್ದರೂ ರಕ್ತ ಬರಬಹುದು, ಆಗ ಮಗು ಎದೆ ಹಿಡಿಯುವ ರೀತಿಯನ್ನು ನರ್ಸ್ ಹತ್ತಿರ ತೋರಿಸಿ ಸರಿಪಡಿಸಿಕೊಳ್ಳಿ. ಎರಡರಲ್ಲೂ ಹಾಲುಣಿಸುವುದನ್ನು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಆದರೂ ರಕ್ತ ಕಂಡಾಗ ಒಮ್ಮೆ ವೈದ್ಯರಿಗೆ ಹೇಳಿಬಿಡಿ.

ಕೆಲಸಕ್ಕೆ ಹೋಗುವವರು ಹಿಂಡಿ ಫ್ರಿಜ್‌ನಲ್ಲಿಟ್ಟ ಹಾಲು ಒಡೆದಂತೆ ಕಂಡರೆ ಚೆಲ್ಲಬೇಡಿ. ಮೇಲೆ ಕಟ್ಟಿದ್ದು ಕೆನೆ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗಾಗಿಸಿ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ, ಕುದಿಸಬಾರದು. ಸಾಬೂನಿನಂಥ ವಾಸನೆ ಬಂದರೆ ಹಾಲಿನಲ್ಲೇ ಇರುವ ಲೈಪೇಸ್ ಕಿಣ್ವ ಕೊಬ್ಬನ್ನು ಒಡೆದಿದೆ ಎಂದರ್ಥ. ಹುಳಿ ವಾಸನೆಯಿದ್ದರೆ ಮಾತ್ರ ಬೇಡ. ಫ್ರಿಜ್‌ನಲ್ಲಿ 4 ದಿನ ಇಡಬಹುದು. 25 ಡಿಗ್ರಿ ಸೆಲ್ಸಿಯಸ್ ಒಳಗಿನ ಕೋಣೆಯಲ್ಲಾದರೆ 4 ಗಂಟೆ, ರಾಯಚೂರು, ಕಲಬುರಗಿಯ ಬೇಸಿಗೆಗೆ ಆ ಲೆಕ್ಕ ನಡೆಯದು.

ಹಾಲು ಸಾಲುತ್ತಿದೆಯೇ ಎಂಬುದನ್ನು ಬಣ್ಣ ಹೇಳುವುದಿಲ್ಲ, ಮಗು ಹೇಳುತ್ತದೆ. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಬಾರಿಯಾದರೂ ಮೂತ್ರ ಮಾಡಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ತೂಕ ನೋಡಲು ಆಶಾ ಕಾರ್ಯಕರ್ತೆಯನ್ನು ಕೇಳಿ.

ಮೂತ್ರ ಕಡಿಮೆಯಾಗಿ ಮಗು ಮಂಕಾದರೆ, ಕುಡಿಯಲು ಏಳದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ತಾಯಿಗೆ ಜ್ವರ ಬಂದು ಎದೆ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ ಕೂಡ ತಡ ಮಾಡಬೇಡಿ. ವಾರ ಕಳೆದರೂ ರಕ್ತ ನಿಲ್ಲದಿದ್ದರೆ, ಅದರಲ್ಲೂ ಒಂದೇ ಎದೆಯಿಂದ ಬರುತ್ತಿದ್ದರೆ ಅಥವಾ ಗಂಟು ಕೈಗೆ ಸಿಕ್ಕರೆ, ಸ್ತ್ರೀರೋಗ ತಜ್ಞರಿಗೆ ತೋರಿಸಿ ಸ್ಕ್ಯಾನಿಂಗ್ ಬೇಕೇ ಎಂದು ಕೇಳಿ.