ಪ್ಯಾಡ್ ಕೂತರೆ ಸಾಲದು, ಪ್ಲೇಟಿಗೆ ಹೊಂದಬೇಕು

ಹೋದ ಬೇಸಿಗೆ ರಜೆಗೆ ಮುಡಬಿಗೆ ಹೋದಾಗ ನಾವು ಮೂವರು ಗೆಳೆಯರು ಒಂದು ಕೆಲಸ ಒಪ್ಪಿಕೊಂಡೆವು. ಮನೆಯಲ್ಲಿ ಮದುವೆ, ಕಾಕಾನ ಹಳೆಯ ಕಾರಿಗೆ ಪಾಲಿಶ್ ಮಾಡಬೇಕು. ಮೆಕ್ಯಾನಿಕಲ್ ಓದುವ ಹುಡುಗರು ಅಂತ ಕಾಕಾಗೂ ನಂಬಿಕೆ. ಕೈಗೆ ಸಿಕ್ಕಿದ್ದು ನಾಲ್ಕು ಇಂಚಿನ ಆಂಗಲ್ ಗ್ರೈಂಡರ್. ಅದರ ಗಾರ್ಡ್ ಬಿಚ್ಚಿ, 125 ಮಿ.ಮೀ. ಬ್ಯಾಕಿಂಗ್ ಪ್ಲೇಟ್ ಹಾಕಿ, ಅಷ್ಟೇ ಅಗಲದ ಫೋಮ್ ಪ್ಯಾಡ್ ಅಂಟಿಸಿದೆವು. ಥ್ರೆಡ್ ಕೂತಿತು, ವೆಲ್ಕ್ರೊ ಹಿಡಿಯಿತು, ಇನ್ನೇನು ಬೇಕು ಅಂದುಕೊಂಡೆವು. ಎರಡೇ ನಿಮಿಷದಲ್ಲಿ ಬಾನೆಟ್ಟಿನ ಅಂಚಿನ ಬಣ್ಣ ಸುಟ್ಟು ಪ್ರೈಮರ್ ಕಂಡಿತು.

"ಅಲ್ರೋ ಹುಡುಗ್ರಾ, ಹೊಳಪು ತರ್ತೀವಿ ಅಂದ್ರಿ, ಇದ್ದ ಬಣ್ಣಾನೇ ತೆಗದ್ರಲ್ಲೋ!" ಅಂದರು ಕಾಕಾ.

ತಪ್ಪು ಎಲ್ಲಾಯ್ತು? ಲೆಕ್ಕ ಹಾಕಿ ನೋಡೋಣ ಬನ್ನಿ.

ಮೊದಲನೆಯದು ವೇಗ. ಇಂಥ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 125 ಮಿ.ಮೀ. ಪ್ಯಾಡಿನ ಅಂಚಿನ ವೇಗ ಆಗ ಸೆಕೆಂಡಿಗೆ 72 ಮೀಟರ್, ಅಂದರೆ ಗಂಟೆಗೆ ಸುಮಾರು 259 ಕಿ.ಮೀ. ಹುಮನಾಬಾದ್ ಹೆದ್ದಾರಿಯಲ್ಲಿ ಯಾವ ಕಾರೂ ಹಾಗೆ ಓಡದು! ಪಾಲಿಶರನ್ನು 1,500 ಸುತ್ತಿನಲ್ಲಿ ಓಡಿಸಿದರೆ ಅದೇ ಅಂಚಿನ ವೇಗ ಸೆಕೆಂಡಿಗೆ 10 ಮೀಟರಿಗಿಂತ ಕಡಿಮೆ. ಪ್ಯಾಡನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗದಂತೆ ಏರುವುದರಿಂದ, ನಮ್ಮ ವೆಲ್ಕ್ರೊ ಮೇಲೆ ಸುಮಾರು 54 ಪಟ್ಟು ಎಳೆತ ಇತ್ತು. ಪ್ಯಾಡ್ ಹಾರಿ ಮುಖಕ್ಕೆ ಬಡಿಯಲಿಲ್ಲ ಅನ್ನೋದೇ ಪುಣ್ಯ. ಪ್ಲೇಟಿನ ಮೇಲೆ ಗರಿಷ್ಠ ವೇಗ ಬರೆದಿರುತ್ತದೆ. ಯಂತ್ರದ ವೇಗ ಅದನ್ನು ದಾಟಬಾರದು.

ಎರಡನೆಯದು ಅಳತೆ. ಪ್ಲೇಟು ಪ್ಯಾಡಿಗಿಂತ ಸ್ವಲ್ಪ ಚಿಕ್ಕದಿರಬೇಕು. 125 ಮಿ.ಮೀ. ಪ್ಲೇಟಿಗೆ 140 ಮಿ.ಮೀ. ಪ್ಯಾಡ್ ಹಾಕಿದರೆ ಸುತ್ತಲೂ 7.5 ಮಿ.ಮೀ. ಮೆತ್ತನೆಯ ಅಂಚು ಉಳಿಯುತ್ತದೆ. ಎರಡೂ ಸಮ ಇದ್ದರೆ ಬಾಗಿದ ಜಾಗದಲ್ಲಿ ಪ್ಲೇಟಿನ ಗಟ್ಟಿ ಅಂಚೇ ಬಣ್ಣಕ್ಕೆ ತಾಗುತ್ತದೆ. ಹಾಗಂತ ಪ್ಲೇಟು ತೀರಾ ಚಿಕ್ಕದಾದರೂ ಕಷ್ಟ: ಒತ್ತಡ, ಬಿಸಿ ಎಲ್ಲ ನಡುವೆ ಸೇರಿ ಪ್ಯಾಡ್ ಬೇಗ ಹಾಳಾಗುತ್ತದೆ. ಪ್ಯಾಡನ್ನು ಸರಿಯಾಗಿ ನಡುವಿಗೇ ಅಂಟಿಸಿ; ಓರೆಯಾದರೆ ಯಂತ್ರ ನಡುಗುತ್ತದೆ.

ಮೂರನೆಯದು ಜೋಡಣೆ. ನಮ್ಮಲ್ಲಿ ಸಿಗುವ ಸಣ್ಣ ಗ್ರೈಂಡರಿಗೆ ಸಾಮಾನ್ಯವಾಗಿ ಎಂ10 ಥ್ರೆಡ್, ರೋಟರಿ ಪಾಲಿಶರಿಗೆ ಎಂ14. ಡ್ಯುಯಲ್ ಆ್ಯಕ್ಷನ್ ಪಾಲಿಶರಿನಲ್ಲಿ ಇನ್ನೊಂದು ಮಾತಿದೆ: ಅದರೊಳಗಿನ ಸಮತೋಲನದ ತೂಕವನ್ನು ನಿರ್ದಿಷ್ಟ ಅಳತೆಯ ಪ್ಲೇಟಿಗೆಂದೇ ಹೊಂದಿಸಿರುತ್ತಾರೆ. ಬೇರೆ ಅಳತೆ ಹಾಕಿದರೆ ಕೈ ಜುಮ್ಮೆನ್ನುವಷ್ಟು ಕಂಪನ. ಅದರ ಪ್ಲೇಟಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಕೆಲಸದ ನಡುವೆ ಗೆರೆ ತಿರುಗೋದು ನಿಂತರೆ ನೀವು ಹೆಚ್ಚು ಒತ್ತುತ್ತಿದ್ದೀರಿ ಎಂದರ್ಥ.

ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಅಷ್ಟೇ, ತಲೆಗೂದಲಿಗಿಂತ ತೆಳು. ಒಮ್ಮೆ ಹೋದರೆ ಪಾಲಿಶ್ ಮಾಡಿ ತರಲಾಗದು, ಬಣ್ಣವನ್ನೇ ಹೊಡೆಸಬೇಕು. ನಾವು ಮೂವರೂ ಕೈಯಿಂದ ದುಡ್ಡು ಹಾಕಿ ಬಾನೆಟ್ಟಿಗೆ ಬಣ್ಣ ಹೊಡೆಸಿದೆವು. ಮದುವೆಗೆ ಕಾರು ಹೊರಟಿತು. ಕಾಕಾ ಮಾತ್ರ ನಮ್ಮನ್ನು ಅದರ ಹತ್ತಿರ ಬಿಡಲಿಲ್ಲ.

ನೀವೂ ಯಂತ್ರ ಹಿಡಿಯುವ ಮುಂಚೆ ವೇಗ, ಅಳತೆ, ಥ್ರೆಡ್ ಮೂರನ್ನೂ ನೋಡ್ರಿ. ಸ್ವಿಚ್ ಆಮೇಲೆ ಒತ್ತಿದರಾಯ್ತು.